ಪಾರ್ಕಿನ್ಸನ್‌ಗೆ ಕೋಶ ಕಸಿ: ರೊಕ್ಕ ಕಟ್ಟುವ ಮುಂಚೆ

ಪಾರ್ಕಿನ್ಸನ್‌ಗೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಕಾಂಡಕೋಶ) ಹಾಕುತ್ತೇವೆ ಎಂದು ಯಾರಾದರೂ ಅಂದರೆ ಖರ್ಚು ಎಷ್ಟು ಅನ್ನುವ ಮೊದಲು ಹೀಗೆ ಕೇಳಿ: ಯಾವ ಬಗೆಯ ಕೋಶ, ಎಷ್ಟು, ಮಿದುಳಿನ ಯಾವ ಜಾಗಕ್ಕೆ? ಕೈಯ ರಕ್ತನಾಳಕ್ಕೆ ಸಲೈನ್ ಜೊತೆ ಬಿಡುತ್ತೇವೆ ಅಂದರೆ ಎದ್ದು ಬನ್ನಿ. ಹಾಗೆ ಬಿಟ್ಟ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಸಿಕ್ಕಿಬೀಳುತ್ತವೆ. ಹೊಲ ಒತ್ತೆಯಿಟ್ಟು ಮಾಡಿಸುವಂಥದ್ದು ಅದರಲ್ಲಿ ಏನೂ ಇಲ್ಲ.

ನಿಜವಾದ ಕಸಿ ಬೇರೆ. ಈ ರೋಗದಲ್ಲಿ ಸಾಯುವುದು ಮಿದುಳಿನ ಬುಡದ ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳು. ಆದರೆ ಕಸಿ ಮಾಡುವುದು ಅಲ್ಲಿಗಲ್ಲ, ಅವುಗಳ ಎಳೆಗಳು ಡೋಪಮಿನ್ ಎಂಬ ರಾಸಾಯನಿಕ ಸುರಿಸುತ್ತಿದ್ದ ಪುಟಾಮೆನ್‌ಗೆ, ಅಂದರೆ ಚಲನೆ ನೋಡಿಕೊಳ್ಳುವ ಮಿದುಳಿನ ಒಳಭಾಗಕ್ಕೆ. ಹಳೆ ಜಾಗದಲ್ಲಿ ಇಟ್ಟರೆ ಹೊಸ ಕೋಶದ ಎಳೆ ಅಷ್ಟು ದೂರ ಬೆಳೆದು ಮುಟ್ಟುವ ಭರವಸೆ ಕಡಿಮೆ. ಪ್ರಯೋಗಾಲಯದಲ್ಲಿ ಕಾಂಡಕೋಶಗಳನ್ನು ಡೋಪಮಿನ್ ನರಕೋಶ ಆಗುವ ದಾರಿಯಲ್ಲಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಪೂರ್ತಿ ಬಲಿತವು ಕಸಿಯಲ್ಲಿ ಉಳಿಯುವುದು ಕಷ್ಟ. ತೀರ ಎಳೆಯವು ಉಳಿದರೆ ಗೆಡ್ಡೆ ಬೆಳೆಯಬಹುದು. ಎಂಆರ್‌ಐ ನೋಡಿ ಗುರಿ ಲೆಕ್ಕಹಾಕಿ, ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ತೆಳು ಸೂಜಿಯಿಂದ ಕೋಶಗಳನ್ನು ಹಲವು ಕಡೆ ನಿಧಾನವಾಗಿ ಇಳಿಸುತ್ತಾರೆ. ಸೂಜಿ ಹೋದಲ್ಲಿ ರಕ್ತಸ್ರಾವದ ಅಪಾಯ ಇದ್ದೇ ಇದೆ.

ಪ್ರಮಾಣ ಹೀಗಿದೆ. ಕ್ಯೋಟೊ ವಿಶ್ವವಿದ್ಯಾಲಯ 2018ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಏಳು ಜನರಿಗೆ ಮಿದುಳಿನ ಎರಡೂ ಬದಿ ಕೋಶ ಹಾಕಿದರು. ಕಡಿಮೆ ಡೋಸ್ ಪ್ರತಿ ಬದಿಗೆ ಸುಮಾರು 21ರಿಂದ 26 ಲಕ್ಷ ಕೋಶ, ಹೆಚ್ಚಿನದು ಸುಮಾರು 53ರಿಂದ 55 ಲಕ್ಷ. 2025ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪರೀಕ್ಷಿಸಿದ ಆರು ಜನರಲ್ಲಿ ನಾಲ್ವರಿಗೆ ಪಾರ್ಕಿನ್ಸನ್ ಗುಳಿಗೆ ಇಲ್ಲದ ಹೊತ್ತಿನ ಚಲನೆ ಎರಡು ವರ್ಷದ ಹೊತ್ತಿಗೆ ಸುಧಾರಿಸಿತ್ತು. ಬೇರೆಯವರ ಕೋಶವಾದ್ದರಿಂದ ದೇಹ ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್ ಕೊಡಬೇಕು. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಸಕ್ಕರೆ ಏರಿಸಬಹುದು, ಸೋಂಕಿಗೂ ದಾರಿ. ವಯಸ್ಸಾದ ಮಧುಮೇಹಿಗೆ ಇದು ಸಣ್ಣ ಮಾತಲ್ಲ.

ಏಳು ಜನರ ಫಲಿತಾಂಶ ನೋಡಿ ಹಿಗ್ಗಬಾರದು ಅನ್ನಲು ಕಾರಣವಿದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 40 ಜನರ ಮೇಲೆ, ಹೋಲಿಕೆಗಾಗಿ ಅರ್ಧದಷ್ಟು ಜನರಿಗೆ ಬರೀ ರಂಧ್ರ ಕೊರೆದು, ಭ್ರೂಣದ ಕೋಶಗಳ ಕಸಿಯನ್ನು ಪರೀಕ್ಷಿಸಿದ್ದರು. ಮುಖ್ಯ ಗುರಿ ಈಡೇರಲಿಲ್ಲ. ಕಸಿಯಾದ ಕೆಲವರಿಗೆ ಗುಳಿಗೆ ನಿಲ್ಲಿಸಿದರೂ ನಿಲ್ಲದ ಅನೈಚ್ಛಿಕ ಕುಣಿತ ಶುರುವಾಯಿತು. ವರ್ಷಗಳ ಮೇಲೆ ಕಸಿಯ ಕೋಶಗಳಲ್ಲೂ ರೋಗದ ಗುರುತು ಕಂಡದ್ದು 2008ರಲ್ಲಿ ವರದಿಯಾಯಿತು.

ಭಾರತದಲ್ಲಿ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಪಾರ್ಕಿನ್ಸನ್‌ಗೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ. ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಅದನ್ನು ಅದರ ಜಾಲತಾಣದಲ್ಲಿ ಹಾಕಿ ನೋಡಿ. ದವಾಖಾನೆಯ ಹೆಸರು, ರೋಗದ ಹೆಸರು ಎರಡೂ ತಾಳೆಯಾಗಬೇಕು. ಪ್ರಯೋಗದಲ್ಲಿ ಕೋಶಕ್ಕೆ ರೊಕ್ಕ ಕೇಳುವಂತಿಲ್ಲ. ಪ್ಯಾಕೇಜ್ ದರ ಹೇಳಿದರೆ ಅದು ಪ್ರಯೋಗವಲ್ಲ, ವ್ಯಾಪಾರ.

ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾ ಗುಳಿಗೆಗೆ ದೇಹ ಚೆನ್ನಾಗಿ ಸ್ಪಂದಿಸದವರಿಗೆ ಈ ಕಸಿಯಿಂದಲೂ ಹೆಚ್ಚಿನದನ್ನು ನಿರೀಕ್ಷಿಸಲಾಗದು: ಎರಡೂ ಕೊಡುವುದು ಡೋಪಮಿನ್ನೇ. ಮರೆವು, ಮಲಬದ್ಧತೆ ಇದರಿಂದ ಹೋಗುವುದಿಲ್ಲ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗುವ ಮೊದಲು ಮೂರು ದಿನ ಅರ್ಧ ಗಂಟೆಗೊಂದು ಗೆರೆ ಎಳೆದ ಹಾಳೆ ತುಂಬಿಸಿ: ಬಿಗಿ, ಸರಾಗ, ಕುಣಿತ, ನಿದ್ದೆ. ಗುಳಿಗೆ ನುಂಗಿದ ಹೊತ್ತು, ಊಟದ ಹೊತ್ತು ಕೆಂಪು ಪೆನ್ನಿನಲ್ಲಿರಲಿ. ಕುರ್ಚಿಯಿಂದ ಎದ್ದು ನಡೆದು ತಿರುಗುವುದನ್ನು ಗುಳಿಗೆಗೆ ಮುಂಚೆ ಒಮ್ಮೆ, ಒಂದು ತಾಸಿನ ನಂತರ ಒಮ್ಮೆ ಮೊಬೈಲ್‌ನಲ್ಲಿ ಹಿಡಿಯಿರಿ. ಮೆದುಳಿಗೆ ವಿದ್ಯುತ್ ತಂತಿ ಹಾಕುವ ಡಿಬಿಎಸ್ ಶಸ್ತ್ರಚಿಕಿತ್ಸೆಗೆ ನಿಮ್ಹಾನ್ಸ್‌ಗೆ ಕಳಿಸಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಲು ಇವು ನೆರವಾಗುತ್ತವೆ.

ಎಷ್ಟೋ ಮನೆಗಳಲ್ಲಿ ಬಿಗಿತಕ್ಕೆ ಕಾರಣ ಊಟದ ಹೊತ್ತು. ರೊಟ್ಟಿ ಜೊತೆ ಮಡಕೆಕಾಳು ಪಲ್ಯ, ಮೊಸರು ಉಂಡ ಕೂಡಲೇ ನುಂಗಿದ ಲೆವೊಡೋಪಾ, ಆ ಪ್ರೊಟೀನಿನ ಜೊತೆ ಪೈಪೋಟಿಗೆ ಬಿದ್ದು ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ಊಟಕ್ಕೆ ಅರ್ಧ ತಾಸು ಮುಂಚೆ ಇಲ್ಲವೇ ಒಂದು ತಾಸು ಆದಮೇಲೆ ಕೊಡಿ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಜ್ವರ ಬಂದು ಮೈ ಸೆಟೆದು ಜೀವಕ್ಕೇ ಕುತ್ತಾಗಬಹುದು. ವಾಂತಿಗೆ ಊರಿನ ದವಾಖಾನೆಯಲ್ಲಿ ಪೆರಿನಾರ್ಮ್ ಅಥವಾ ಸ್ಟೆಮೆಟಿಲ್ ಚುಚ್ಚಲು ಬಂದರೆ ಪಾರ್ಕಿನ್ಸನ್ ಇದೆ ಎಂದು ಮೊದಲೇ ಹೇಳಿ. ಎರಡೂ ಡೋಪಮಿನ್ನಿಗೆ ಅಡ್ಡಬರುತ್ತವೆ.