ಸಮ್ಮಿಶ್ರ ಸಂಪುಟದ ಚಾರ್ಟ್: ಖಾಲಿ ಕುರ್ಚಿ ಮೊದಲು, ಹೆಸರು ಕೊನೆಗೆ

ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರದಲ್ಲಿ ಯಾರು ಮಂತ್ರಿಯಾಗುತ್ತಾರೆ ಎಂದು ಮೊದಲೇ ಊಹಿಸಲು ಒಂದು ಚಾರ್ಟ್ ಮಾಡಿದ್ದೆ. 2018ರ ಡಿಸೆಂಬರ್ 22ರಂದು ಕಾಂಗ್ರೆಸ್ಸಿನ ಎಂಟು ಮಂದಿ ಪ್ರಮಾಣವಚನ ತೆಗೆದುಕೊಂಡ ಮೇಲೆ ಬೆಂಗಳೂರಿನ ನಮ್ಮ ಸುದ್ದಿ ಡೆಸ್ಕಿನಲ್ಲಿ ಈ ಚಾರ್ಟನ್ನು ಯಾರೂ ಗೇಲಿ ಮಾಡಿಲ್ಲ. ಅಲ್ಲಿಯವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಕಾಂಗ್ರೆಸ್ಸಿನಲ್ಲಿ ಖಾಲಿ ಇರೋದೇ ಆರು, ನಿನಗೆ ಎಂಟು ಎಲ್ಲಿಂದ ಬಂತು?’

ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇ 15 ಮೀರುವಂತಿಲ್ಲ. 224ರ ಶೇ 15 ಅಂದರೆ 33.6. ನಮ್ಮಲ್ಲಿ ಅದನ್ನು 34 ಎಂದು ಹಿಡಿಯುತ್ತಾರೆ, ಮುಖ್ಯಮಂತ್ರಿಯೂ ಅದರೊಳಗೇ. ಇಷ್ಟು ನಿಮಗೆಲ್ಲ ಗೊತ್ತು. ಲೆಕ್ಕ ಕೆಡುವುದು ಇದರ ಮುಂದೆ. ಶಾಸಕರ ಬಲ 78, 37 ಇಟ್ಟುಕೊಂಡು ಭಾಗಿಸಿದರೆ ಕಾಂಗ್ರೆಸ್ಸಿಗೆ 23, ಜೆಡಿಎಸ್‌ಗೆ 11 ಬರುತ್ತದೆ. ಒಪ್ಪಂದ ಆಗಿದ್ದು 22–12ಕ್ಕೆ. ಮುಖ್ಯಮಂತ್ರಿ ಕುರ್ಚಿ ಚಿಕ್ಕ ಪಕ್ಷಕ್ಕೆ ಹೋದಾಗ ಅನುಪಾತ ನಂಬಬೇಡಿ.

ಮೊದಲ ಚಾರ್ಟ್ ಪೂರ್ತಿ ದಂಡ. ಕುರ್ಚಿಗೊಂದರಂತೆ 34 ಮನೆ (ಚೌಕ) ಹಾಕಿ 34 ಫೋಟೊ ಜೋಡಿಸಿದ್ದೆ. 2018ರ ಜೂನ್ 6ರಂದು ರಾಜಭವನದ ಗಾಜಿನ ಮನೆಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು 25 ಜನ. ಪುಟ ಒಡೆದು ಕಟ್ಟಬೇಕಾಯಿತು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಹೊಸದಾಗಿ, ಗ್ರಾಫಿಕ್ ಹುಡುಗನಿಗೆ ಎರಡನೇ ಸಲ ಕೂಲಿ, ಹೆಚ್ಚುಕಮ್ಮಿ ಮೂರು ಸಾವಿರ ಕೈಬಿಟ್ಟಿತು. ಸಮ್ಮಿಶ್ರದಲ್ಲಿ ಎಲ್ಲ ಕುರ್ಚಿಯನ್ನೂ ಒಂದೇ ಸಲ ತುಂಬುವುದಿಲ್ಲ. ತುಂಬಿದರೆ ಅತೃಪ್ತರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಆಮೇಲೆ ಚಾರ್ಟನ್ನು ಅಂಗಡಿಯ ಖಾತೆ ಪುಸ್ತಕದ ಹಾಗೆ ಎರಡು ಪುಟ ಮಾಡಿದೆ, ಪಕ್ಷಕ್ಕೊಂದು. ಮುಖ್ಯ ಕಾಲಂ ‘ಯಾರ ಕೋಟಾ’. ಬಿಎಸ್‌ಪಿಯ ಎನ್‌. ಮಹೇಶ್ ಜೆಡಿಎಸ್ ಪುಟಕ್ಕೆ, ಕೆಪಿಜೆಪಿ ಎಂಬ ಸಣ್ಣ ಪಕ್ಷದ ಆರ್‌. ಶಂಕರ್ ಕಾಂಗ್ರೆಸ್ ಪುಟಕ್ಕೆ. ಇವರನ್ನು ‘ಇತರರು’ ಎಂದು ಮೂರನೇ ಪುಟಕ್ಕೆ ಹಾಕಿದವರ ಕೂಡಿಕೆ ಕೊನೆಯವರೆಗೂ ತಾಳೆಯಾಗಲಿಲ್ಲ. ಜೂನ್ ಕೊನೆಗೆ ಕಾಂಗ್ರೆಸ್: ಉಪಮುಖ್ಯಮಂತ್ರಿ 1, ಸ್ವಂತದವರು 14, ಶಂಕರ್ 1, ಒಟ್ಟು 16, ಬಾಕಿ 6. ಜೆಡಿಎಸ್: ಮುಖ್ಯಮಂತ್ರಿ 1, ಸ್ವಂತದವರು 9, ಮಹೇಶ್ 1, ಒಟ್ಟು 11, ಬಾಕಿ 1. ಅಕ್ಟೋಬರ್‌ನಲ್ಲಿ ಮಹೇಶ್ ರಾಜೀನಾಮೆ ಕೊಟ್ಟಾಗ ಜೆಡಿಎಸ್ ಬಾಕಿ 2 ಆಯಿತು. ಕಾಂಗ್ರೆಸ್ ಪುಟಕ್ಕೆ ಕೈ ಹಚ್ಚಬಾರದು.

ಎಂಟರ ಗುಟ್ಟು ‘ಗೈರು’ ಕಾಲಂ. ಸಂಪುಟ ಸಭೆಗೆ ಬಾರದವರಿಗೆ ಒಂದೊಂದು ಗೆರೆ. ಬೆಳಗಾವಿಯ ಕಾಂಗ್ರೆಸ್ ಮಂತ್ರಿ ರಮೇಶ ಜಾರಕಿಹೊಳಿ ಅವರ ಚೌಕದಲ್ಲಿ ಗೆರೆ ಸಾಲುಗಟ್ಟಿದ್ದವು. ಶಂಕರ್ ಅವರದು ಬೇರೆ ಬಾಬತ್ತು, ಕಾಂಗ್ರೆಸ್ಸಿನ ಸಹಸದಸ್ಯರಾಗಲು ಒಪ್ಪದ ತಕರಾರು. ಇಬ್ಬರನ್ನು ಇಳಿಸಿದರೆ 6+2. ಬೆಳಗಾವಿ ಮನೆಯಲ್ಲಿ ಜಿಲ್ಲೆ ಬದಲಾಗಲಿಲ್ಲ, ಜಾತಿ ಬದಲಾಗಲಿಲ್ಲ, ಮನೆತನವೂ ಬದಲಾಗಲಿಲ್ಲ. ಅಣ್ಣ ರಮೇಶ ಹೋಗಿ ತಮ್ಮ ಸತೀಶ ಬಂದರು. ಅದಕ್ಕೇ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು ಅನ್ನುವುದು. ಕುರ್ಚಿ ಸಿಕ್ಕಿತು ಅಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಜಿಲ್ಲಾವಾರು ಸಮತೋಲನಕ್ಕೆಂದು ಬಣ್ಣದ ನಕ್ಷೆಗೆ ದುಡ್ಡು ಹಾಕಬೇಡಿ. ವಿಜಯಪುರದಲ್ಲಿ ಜೂನ್‌ನಲ್ಲೇ ಇಬ್ಬರಿದ್ದರು: ಕಾಂಗ್ರೆಸ್ಸಿನ ಶಿವಾನಂದ ಪಾಟೀಲ, ಜೆಡಿಎಸ್‌ನ ಎಂ.ಸಿ. ಮನಗೂಳಿ. ‘ಇನ್ನು ಅಲ್ಲಿಗೆ ಸಿಗೋದಿಲ್ಲ’ ಎಂದು ನಕ್ಷೆಯಲ್ಲಿ ಗೀಟು ಹಾಕಿದವರು ಡಿಸೆಂಬರ್‌ನಲ್ಲಿ ಎಂ.ಬಿ. ಪಾಟೀಲರು ಬಂದು, ಗೃಹ ಖಾತೆಯನ್ನೂ ತೆಗೆದುಕೊಂಡಾಗ ಕಕ್ಕಾಬಿಕ್ಕಿ. ಎರಡೂ ಪಕ್ಷ ಕೂತು ಜಿಲ್ಲೆ ತೂಗುವುದಿಲ್ಲ. ಅವರವರ ತಕ್ಕಡಿ ಅವರವರಿಗೆ.

ಇನ್ನೊಂದು ಪೆಟ್ಟು ಬಿದ್ದದ್ದು ವಿಧಾನ ಪರಿಷತ್ತಿನ ಕಡೆಯಿಂದ. ಗೆದ್ದ ಶಾಸಕರ ಪಟ್ಟಿ ಮಾತ್ರ ಹರವಿಕೊಂಡು ಮಹಿಳಾ ಮನೆ ಖಾಲಿ ಬಿಟ್ಟಿದ್ದೆ. ಜೂನ್ 6ರ ಏಕೈಕ ಮಹಿಳೆ ಜಯಮಾಲಾ ಮೇಲ್ಮನೆಯವರು.

ಮಳೆಗಾಲದಲ್ಲಿ ಬಿಡುವಿದ್ದಾಗ ಹಳೇ ಸಮ್ಮಿಶ್ರಗಳನ್ನೂ ಇದೇ ಚಾರ್ಟಿಗೆ ಇಳಿಸಿ ನೋಡಿದೆ. 2006ರ ಜೆಡಿಎಸ್–ಬಿಜೆಪಿ ಸಮ್ಮಿಶ್ರದಲ್ಲಿ ಹಣಕಾಸು ಉಪಮುಖ್ಯಮಂತ್ರಿ ಯಡಿಯೂರಪ್ಪನವರ ಬಳಿ ಇತ್ತು. ಅದನ್ನೇ ನಿಯಮ ಅಂದುಕೊಂಡು 2018ರಲ್ಲಿ ಉಪಮುಖ್ಯಮಂತ್ರಿ ಪರಮೇಶ್ವರ ಅವರ ಎದುರು ಹಣಕಾಸು ಬರೆದಿದ್ದು ನೆಲಕಚ್ಚಿತ್ತು. ಕುಮಾರಸ್ವಾಮಿ ಬಿಡಲಿಲ್ಲ, ಜೂನ್‌ನಲ್ಲಿ ಪರಮೇಶ್ವರ ಅವರಿಗೆ ಗೃಹ, ಬೆಂಗಳೂರು ಅಭಿವೃದ್ಧಿ ಹೋದವು. ಈಗ ಖಾತೆಗಳನ್ನು ಬಿಡಿಯಾಗಿ ಬರೆಯುವುದಿಲ್ಲ, ಜೋಡಿ ಕಟ್ಟುತ್ತೇನೆ. ಹಣಕಾಸಿಗೆ ಎದುರು ಗೃಹ, ಲೋಕೋಪಯೋಗಿಗೆ ಎದುರು ಭಾರಿ ನೀರಾವರಿ. ಒಂದು ಕಡೆ ಖಚಿತವಾದರೆ ಇನ್ನೊಂದು ತಾನಾಗಿ ಬೀಳುತ್ತದೆ. ಉಳಿದ ಎರಡು ಜೋಡಿಗಳನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ಸಮ್ಮಿಶ್ರಕ್ಕೆ ಬೇಕು. ನಿಗಮ ಮಂಡಳಿಗಳಿಗೆ ಬೇರೆ ಹಾಳೆ ಇಡಿ: ಅಲ್ಲಿ ಕಾಂಗ್ರೆಸ್ಸಿಗೆ ಮೂರರಲ್ಲಿ ಎರಡು ಪಾಲು. ಶೇ 15ರ ಮಿತಿ ಅದಕ್ಕಿಲ್ಲ, ಹಾಗಾಗಿ ಸಂಪುಟದ ಕೂಡಿಕೆಗೆ ಸೇರಿಸಿದರೆ ಎಲ್ಲ ಕಲಸುಮೇಲೋಗರ.

ಮೊದಲು ‘ಮಂತ್ರಿಯಾದರೆ ಉಳಿಯುತ್ತಾರೆ’ ಎಂಬ ಕಾಲಂ ಕೂಡ ಇತ್ತು. 2019ರ ಜೂನ್ 14ರಂದು ಪಕ್ಷೇತರ ಎಚ್‌. ನಾಗೇಶ್, ಮತ್ತೆ ಅದೇ ಶಂಕರ್ ಸೇರಿದಾಗ ಇಬ್ಬರ ಮುಂದೆಯೂ ಟಿಕ್ ಹಾಕಿದ್ದೆ. ಜುಲೈ 8ಕ್ಕೆ ನಾಗೇಶ್ ರಾಜೀನಾಮೆ. ಡಿಸೆಂಬರ್‌ನಲ್ಲಿ ಮಂತ್ರಿಯಾಗಿದ್ದ ಎಂ.ಟಿ.ಬಿ. ನಾಗರಾಜ್ ಎರಡು ದಿನ ಬಿಟ್ಟು ಶಾಸಕ ಸ್ಥಾನಕ್ಕೇ ರಾಜೀನಾಮೆ. ಆ ಕಾಲಂ ಈಗ ಚಾರ್ಟಿನಲ್ಲಿಲ್ಲ.