ಕಲಬುರಗಿ ಬಿಸಿಲಿನಲ್ಲಿ ನಾಯಿಗೆ ಪ್ರೋಟೀನ್ ಆಹಾರ ಆರಿಸುವುದು ಹೇಗೆ

ಕಲಬುರಗಿಯಲ್ಲಿ ಏಪ್ರಿಲ್ ಬಂದರೆ ಎಷ್ಟೋ ಮನೆಗಳಲ್ಲಿ ನಾಯಿಗೆ ಮೊಟ್ಟೆ, ಕೋಳಿ ಎರಡೂ ಬಂದ್. ಉಷ್ಣವಾಗುತ್ತದೆ ಎಂಬ ಭಯ. ನಮ್ಮ ಚಿನ್ನಿ ಪಗ್ ಜಾತಿಯವಳು. ಚಪ್ಪಟೆ ಮೂಗು, ಇಕ್ಕಟ್ಟಾದ ಉಸಿರಿನ ದಾರಿ. ಅವಳಿಗೂ ಬರೀ ಹಾಲು-ಅನ್ನ ಹಾಕಿ ಎಂದು ಪಕ್ಕದ ಮನೆಯ ಆಯಿ ಹೇಳುತ್ತಲೇ ಇರುತ್ತಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜವಿದೆ: ಕೊಬ್ಬು, ಪಿಷ್ಟಗಳಿಗಿಂತ ಪ್ರೋಟೀನ್ ಜೀರ್ಣವಾಗುವಾಗ ಮೈಯಲ್ಲಿ ಹೆಚ್ಚು ಶಾಖ ಹುಟ್ಟುತ್ತದೆ. ಆದರೆ ಅದಕ್ಕಾಗಿ ಪ್ರೋಟೀನನ್ನೇ ನಿಲ್ಲಿಸಿದರೆ ಸ್ನಾಯು ಕರಗುತ್ತದೆ, ಅನ್ನ ತಿಂದು ಬೊಜ್ಜು ಬೆಳೆಯುತ್ತದೆ. ನಾಯಿ ಮುಖ್ಯವಾಗಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳುವ ಪ್ರಾಣಿ. ಬೊಜ್ಜು ಬಂದರೆ ಆ ಕೆಲಸವೇ ಕಷ್ಟ. ಹಾಗಾಗಿ ಬದಲಾಯಿಸಬೇಕಾದದ್ದು ಊಟದ ಹೊತ್ತು, ನೀರಿನಂಶ ಮತ್ತು ಕೊಬ್ಬು.

ಮೊದಲು ಪೊಟ್ಟಣ ಓದುವುದನ್ನು ಕಲಿಯಿರಿ. ಒಣ ಆಹಾರದ ಮೇಲೆ ಪ್ರೋಟೀನ್ ಶೇ 24 ಎಂದೂ, ಡಬ್ಬಿಯ ಹಸಿ ಆಹಾರದ ಮೇಲೆ ಶೇ 8 ಎಂದೂ ಬರೆದಿದ್ದರೆ ಒಣದ್ದೇ ಮೇಲು ಎನಿಸುತ್ತದೆ. ನೀರನ್ನು ಕಳೆದು ನೋಡಿ. ಡಬ್ಬಿಯಲ್ಲಿ 80 ಭಾಗ ನೀರಿದ್ದರೆ ಉಳಿದ 20ರಲ್ಲಿ 8 ಪ್ರೋಟೀನ್, ಅಂದರೆ ಶೇ 40. ಒಣ ಆಹಾರದಲ್ಲಿ ನೀರು 10 ಭಾಗವಿದ್ದರೆ 90ರಲ್ಲಿ 24, ಸುಮಾರು ಶೇ 27. ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಾನದಂಡ ಗೊತ್ತುಮಾಡುವ ಎಎಎಫ್‌ಸಿಒ ಎಂಬ ಸಂಘದ ಪ್ರಕಾರ ಹೀಗೆ ನೀರು ಕಳೆದ ಲೆಕ್ಕದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇ 18, ಮರಿಗೆ ಶೇ 22.5 ಇರಬೇಕು. ಮನೆಯಲ್ಲೇ ಮಲಗುವ ಪಗ್‌ಗೆ ಶೇ 25ರಿಂದ 28 ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ; ಓಡಾಡಿ ದಣಿಯುವ ನಾಯಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಪದಾರ್ಥಗಳ ಪಟ್ಟಿಯಲ್ಲಿ ಕೋಳಿ, ಮೀನು, ಮೊಟ್ಟೆ ಮೊದಲ ಸಾಲಿನಲ್ಲೇ ಕಾಣಬೇಕು. ಕೊಬ್ಬಿನ ಅಂಕಿಯನ್ನೂ ಬಿಡದೆ ನೋಡಿ. ಒಂದು ಗ್ರಾಂ ಕೊಬ್ಬು ಪ್ರೋಟೀನಿನ ಎರಡರಷ್ಟಕ್ಕೂ ಮೀರಿದ ಶಕ್ತಿ ಕೊಡುತ್ತದೆ. ತಿರುಗಾಟವಿಲ್ಲದ ಬೇಸಿಗೆಯಲ್ಲಿ ಅದು ನೇರ ಸೊಂಟಕ್ಕೆ ಹೋಗುತ್ತದೆ.

ಮನೆಯಡುಗೆಯಾದರೆ ಚರ್ಮ ತೆಗೆದ ಕೋಳಿಯ ಎದೆಮಾಂಸವನ್ನು ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸುತ್ತೇನೆ. ಬೆಂದ ನೀರನ್ನು ಫ್ರಿಜ್‌ನಲ್ಲಿಟ್ಟರೆ ಮೇಲೆ ಬಿಳಿಯ ಕೊಬ್ಬಿನ ಕೆನೆ ಕಟ್ಟುತ್ತದೆ. ಅದನ್ನು ಚಮಚದಿಂದ ಎತ್ತಿ ಬಿಸಾಡಿ, ಉಳಿದ ತಿಳಿಸಾರನ್ನು ಒಣ ಆಹಾರದ ಮೇಲೆ ಸುರಿಯುತ್ತೇನೆ. ಕಾಳುಗಳು ಉಬ್ಬಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಾದ ಮೇಲೆ ತಟ್ಟೆ ಇಡುತ್ತೇನೆ. ನೀರು ಕುಡಿಯಲು ಸೋಮಾರಿಯಾದ ನಾಯಿಗೂ ಹೀಗೆ ನೀರು ಹೊಟ್ಟೆಗೆ ಸೇರುತ್ತದೆ. ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ನಮ್ಮ ತೊಗರಿಬೇಳೆಯನ್ನು ಸಪ್ಪೆಯಾಗಿ ಬೇಯಿಸಿ ಸ್ವಲ್ಪ ಬೆರೆಸಬಹುದು, ಮಾಂಸದ ಬದಲಿಗೆ ಅಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ದಿನವೂ ಬರೀ ಮಾಂಸ ಹಾಕಿದರೆ ಕ್ಯಾಲ್ಸಿಯಂ ಕೊರತೆಯಾಗುವುದರಿಂದ ಪೂರ್ತಿ ಮನೆಯಡುಗೆಗೆ ಹೋಗುವವರು ಪಶುವೈದ್ಯರಿಂದ ಅಳತೆ ಬರೆಸಿಕೊಳ್ಳಿ. ಮೂತ್ರಪಿಂಡದ ತೊಂದರೆಯಿರುವ ನಾಯಿಗಂತೂ ಅವರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಲೇಬಾರದು.

ಊಟ ಬೆಳಗಿನ ಆರಕ್ಕೆ ಮುಂಚೆ, ರಾತ್ರಿ ಎಂಟರ ಮೇಲೆ. ಮಧ್ಯಾಹ್ನ 43 ಡಿಗ್ರಿ ಸುಡುವಾಗ ತುಂಬಿದ ಹೊಟ್ಟೆ ಬೇಡ; ನೀರು, ಬೇಕಾದರೆ ಉಪ್ಪಿಲ್ಲದ ತೆಳು ಮಜ್ಜಿಗೆ ಸಾಕು. ವಾರಕ್ಕೊಮ್ಮೆ ಪಕ್ಕೆ ಸವರಿ ನೋಡಿ: ಎಲುಬು ಕಣ್ಣಿಗೆ ಎದ್ದು ಕಾಣದೆ ಕೈಗೆ ಸುಲಭವಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ಅಳತೆ ಇಳಿಸಿ.

ಏದುಸಿರು ನಿಲ್ಲದೆ, ವಸಡು ಕಡುಕೆಂಪಾಗಿ, ನಡಿಗೆ ತಪ್ಪಿದರೆ ಊಟದ ಮಾತೇ ಇಲ್ಲ. ಮೈಮೇಲೆ ನೀರು ಸುರಿದು, ಫ್ಯಾನ್ ಹಾಕಿ, ತಕ್ಷಣ ವೈದ್ಯರ ಬಳಿ ಒಯ್ಯಿರಿ.

ಆಹಾರ ಬದಲಿಸುವುದಿದ್ದರೆ ಶಿವರಾತ್ರಿಯ ಹೊತ್ತಿಗೇ ಆರಂಭಿಸಿ. ಹಳೆಯದಕ್ಕೆ ಹೊಸದನ್ನು ಕಾಲು ಭಾಗ ಬೆರೆಸಿ, ವಾರ-ಹತ್ತು ದಿನಗಳಲ್ಲಿ ಪೂರ್ತಿ ಬದಲಿಸಿ. ಮೇ ತಿಂಗಳಲ್ಲಿ ಒಮ್ಮೆಲೇ ಬದಲಿಸಿ ಭೇದಿ ಹತ್ತಿಕೊಂಡರೆ ಮೈಯ ನೀರು ಹೋಗುತ್ತದೆ, ಆ ಬಿಸಿಲಿನಲ್ಲಿ ಅದನ್ನು ಮತ್ತೆ ತುಂಬಿಸುವುದು ಬಹಳ ಕಷ್ಟ.