ದಿನದ ತೂಕ ಬಿಡಿ, ವಾರದ ಸರಾಸರಿ ನೋಡಿ
ತೂಕ ಇಳಿಸುತ್ತಿರುವವರು ದಿನಾ ಬೆಳಿಗ್ಗೆ ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ, ಆದರೆ ಆ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ. 7 ದಿನದ್ದನ್ನು ಕೂಡಿಸಿ 7ರಿಂದ ಭಾಗಿಸಿ, ಆ ಸರಾಸರಿಯನ್ನಷ್ಟೇ ಹಿಂದಿನ ವಾರದ್ದಕ್ಕೆ ಹೋಲಿಸಿ. ಜೊತೆಗೆ ಡಯಟ್ ಮಾಡುವ ಗೆಳೆಯರಿಗೆ ಕಳಿಸುವುದೂ ಅದೊಂದನ್ನೇ. ರಾತ್ರಿ ಊಟದಲ್ಲಿ ಉಪ್ಪು ಜಾಸ್ತಿಯಾದರೆ, ಇಲ್ಲವೇ ಹಿಂದಿನ ದಿನ ಜೋರು ವ್ಯಾಯಾಮ ಮಾಡಿದ್ದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ 1 ಕಿಲೋ ಏರಿದರೂ ಅದು ಕೊಬ್ಬಲ್ಲ. 1 ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದೇ ಊಟಕ್ಕೆ ಅಷ್ಟು ತಿನ್ನೋಕಾಗುತ್ತಾ? ಮುಟ್ಟಿನ ಆಸುಪಾಸಿನ ವಾರದಲ್ಲಿ ಮಾತ್ರ ಈ ಸರಾಸರಿಯೂ ದಾರಿ ತಪ್ಪಿಸುತ್ತದೆ, ಆಗ ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಿ. ತೂಕದ ಯಂತ್ರ ಕಂಡರೇ ಮನಸ್ಸು ಕೆಡುವವರಿಗೆ ಇದು ಬೇಡ, ಸುಮ್ನೆ ಟೇಪ್ ಹಿಡಿದು ಸೊಂಟದ ಅಳತೆ ನೋಡುವುದೇ ವಾಸಿ.